ಅನ್ನಮ್ಮನನ್ನು ಹುಡುಕುತ್ತಾ ಕಾರ್ಕಳಕ್ಕೆ ಬಂದ ಗುರುಗಳು

ಒಂದಾನೊಂದು ಊರಿನಲ್ಲಿ ಅನ್ನಮ್ಮ ಎಂಬವಳಿದ್ದಳಂತೆ. ಮಕ್ಕಳಿಲ್ಲದ ಆಕೆ ಹಿತ್ತಲ ಮರದಲ್ಲಿ ಗುಬ್ಬಿಗೂಡು ಕಂಡು, ಗುಬ್ಬಿಗೂ ಮರಿ ಕೊಟ್ಟ ದೇವರು ನನ್ನನ್ನು ಮರೆತನೇ ಎಂದು ಅತ್ತಳಂತೆ. ಆಮೇಲೆ ಅವಳಿಗೆ ಹುಟ್ಟಿದ ಮಗುವೇ ಏಸುವಿನ ತಾಯಿ ಮರಿಯಮ್ಮ. ನನ್ನ ಅಜ್ಜಿ ಆಂಜೆಲಾ ಬಾಯಿ ಹೇಳುತ್ತಿದ್ದ ಈ ಕಥೆಯನ್ನು ಬಿಟ್ಟು ನನ್ನ ಗುರುಗಳಾದ ಡಾ. ವಿಲ್ಫ್ರೆಡ್ ಅಮ್ಮಣ್ಣ ಅವರ ಬಗ್ಗೆ ಬರೆಯಲು ನನ್ನಿಂದಾಗದು.

ಕಾಪುವಿನ ಪ್ರೊಟೆಸ್ಟೆಂಟ್ ಮನೆತನದಲ್ಲಿ ಹುಟ್ಟಿ, ಉಡುಪಿಯ ಕಾಲೇಜಿನಲ್ಲಿ ಇತಿಹಾಸ ಕಲಿಸಿ ಈಗ ನಿವೃತ್ತರಾಗಿರುವ ಅವರು, ಕರಾವಳಿಯ ಕ್ರೈಸ್ತ ಇತಿಹಾಸದ ಹಿರಿಯ ವಿದ್ವಾಂಸರು. ಪವಿತ್ರ ಗ್ರಂಥವೇ ಪರಮ ಪ್ರಮಾಣವೆನ್ನುವ ತಮ್ಮವರಿಗೂ, ಗ್ರಂಥದೊಡನೆ ಪರಂಪರೆಯೂ ಧರ್ಮಸಭೆಯ ಅಧಿಕಾರವೂ ಬೇಕೆನ್ನುವ ನಮ್ಮ ಕ್ಯಾಥೊಲಿಕರಿಗೂ ನಡುವೆ ನಡೆದಿರುವ ಶತಮಾನಗಳ ವಾದವನ್ನು ಯಾರ ಮನಸ್ಸೂ ನೋಯದಂತೆ ಪಾಠ ಮಾಡಬಲ್ಲವರು ಅವರು. ಮಣಿಪಾಲದ ಗ್ರಂಥಾಲಯದಲ್ಲಿ ಕಿಟಕಿಯಾಚೆ ನೋಡುತ್ತಾ ನಾನು ಮೈಮರೆತಿದ್ದರೆ ಗದರುತ್ತಿರಲಿಲ್ಲ. "ಜೆಸ್ಸಿ, ವಾಪಸು ಬರುವಾಗ ಒಂದು ಪುಟ ಬರೆದುಕೊಂಡು ಬಾ" ಎನ್ನುತ್ತಿದ್ದರು.

ಬರೆದೆ. ಅವರ ಮಾರ್ಗದರ್ಶನದಲ್ಲಿ ಮಾಡುತ್ತಿದ್ದ ಸಂಶೋಧನೆಯ ಮೊದಲ ಅಧ್ಯಾಯದಲ್ಲೇ ಅನ್ನಮ್ಮನ ಕಥೆಯನ್ನು 'ಬೈಬಲಿನಲ್ಲಿ ಬರುವಂತೆ' ಎಂದು ಬರೆದೆ. ಪಕ್ಕದಲ್ಲಿ ಗುರುಗಳ ಕೆಂಪು ಶಾಯಿ: 'ಯಾವ ಅಧ್ಯಾಯ?' ಏಸುವಿನ ಬದುಕನ್ನು ಹೇಳುವ ನಾಲ್ಕೂ ಸುವಾರ್ತೆಗಳನ್ನು ಹುಡುಕಿದೆ. ಅನ್ನಮ್ಮ ಎಲ್ಲಿಯೂ ಇಲ್ಲ. ಹಾಗಾದರೆ ಅಜ್ಜಿ ಹೇಳಿದ್ದೆಲ್ಲ ಸುಳ್ಳೇ? ಅಂದಿನಿಂದ ನಾನು ಅಜ್ಜಿಯ ಬಳಿ ಕಥೆ ಕೇಳುವುದನ್ನೇ ಬಿಟ್ಟೆ.

ಇದು ತಿಳಿದು ಕಳವಳಗೊಂಡ ಗುರುಗಳು, ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬದಂದು, ಹೊಸ ಅಕ್ಕಿಯ ಊಟಕ್ಕೆ ಕಾರ್ಕಳದ ನಮ್ಮ ಮನೆಗೆ ತಾವಾಗಿಯೇ ಬಂದರು. ಎಲೆ ಹಾಕುವ ಮೊದಲೇ ಅಜ್ಜಿ ಶುರುಮಾಡಿದರು.

"ಎಂತ ಮಾಸ್ಟ್ರೇ, ನಿಮ್ಮ ಪುಸ್ತಕದಲ್ಲಿ ಇಲ್ಲ ಅಂತ ಮರಿಯಮ್ಮನವರಿಗೆ ತಾಯಿಯೇ ಇರಲಿಲ್ವಾ?"

"ತಾಯಿ ಇದ್ದರು ಬಾಯಮ್ಮ. ಹೆಸರು ಬರೆದಿಲ್ಲ, ಅಷ್ಟೆ."

"ಹೆಸರು ನಮ್ಮ ಹತ್ತಿರ ಉಂಟು. ಬರೆಯುವ ಮೊದಲು ನಿಮ್ಮ ಪುಸ್ತಕವೂ ಬಾಯಿಮಾತೇ ಅಲ್ವಾ?"

"ಹೌದು. ಆದರೆ ಬಾಯಿಂದ ಬಾಯಿಗೆ ಹೋಗುವಾಗ ಕಥೆ ಬೆಳೆಯುತ್ತದೆ. ಅಳೆದು ನೋಡಲಿಕ್ಕೆ ಪುಸ್ತಕ ಬೇಕು."

"ಅಳೆದು ಅಳೆದು ನೀವು ಎಷ್ಟು ಸಭೆಗಳಾಗಿ ಒಡೆದು ಹೋದಿರಿ ಮಾರಾಯ್ರೇ! ಒಬ್ಬ ಪೋಪರು ಬೇಡ ಅಂತ ಹೇಳಿ ಮನೆಗೊಬ್ಬ ಪೋಪ!"

ಗುರುಗಳು ಮನಸಾರೆ ನಕ್ಕರು. ಆಮೇಲೆ ಮೆಲ್ಲಗೆ, "ನನ್ನ ತಕರಾರು ಒಂದೇ ಬಾಯಮ್ಮ. ಯಾವುದು ಬರೆದದ್ದು, ಯಾವುದು ಹೇಳಿದ್ದು ಅಂತ ಈ ಹುಡುಗಿಗೆ ಯಾರೂ ತಿಳಿಸಲಿಲ್ಲ" ಎಂದರು.

ಅಜ್ಜಿಯ ಮುಖ ಸಣ್ಣದಾಯಿತು. "ನನಗೇ ಗೊತ್ತಿರಲಿಲ್ಲ. ನಮ್ಮ ಕಾಲದಲ್ಲಿ ಪಾದ್ರಿಗಳು ಓದುವುದು, ನಾವು ಕೇಳುವುದು. ನೀವು ಬೈಬಲಿನ ಹೊಸ ಒಡಂಬಡಿಕೆ ಪೂರಾ ಓದಿ ಹೇಳುತ್ತೀರಾ? ವ್ಯಾಖ್ಯಾನ ಬೇಡ."

ಗುರುಗಳು ಮಾತು ಕೊಟ್ಟರು. ಶನಿವಾರಗಳಂದು ಕಾಪುವಿನಿಂದ ಬಸ್ಸು ಹಿಡಿದು ಬಂದು ಓದಿದರು. ನಿವೃತ್ತಿಯ ಸನ್ಮಾನಗಳ ನಡುವೆಯೂ ತಪ್ಪಿಸಲಿಲ್ಲ. ಓದು ಸಂತ ಪೌಲನ ಕಠಿಣವಾದ ಪತ್ರಗಳಿಗೆ ಬಂದಾಗ ಅಜ್ಜಿಯೇ ತಡೆದು, "ಇದರ ಅರ್ಥ ಎಂತ?" ಎಂದರು. "ವ್ಯಾಖ್ಯಾನ ಬೇಡ ಎಂದದ್ದು ನೀವೇ" ಎಂದರು ಗುರುಗಳು. "ಹಾಗಾದ್ರೆ ಹೇಳಿಕೊಡುವವರು ಒಬ್ಬರು ಬೇಕು ಅಂತಾಯ್ತಲ್ಲ!" ಎಂದು ಅಜ್ಜಿ ಗೆದ್ದ ಹುಡುಗಿಯಂತೆ ನಕ್ಕರು.

ಕಳೆದ ಶನಿವಾರ ಹೊಸ ಒಡಂಬಡಿಕೆಯ ಕಡೆಯ ಗ್ರಂಥವಾದ 'ಪ್ರಕಟನೆ'ಯ ಕೊನೆಯ ಪುಟ ಮುಗಿಯಿತು. ಇಬ್ಬರೂ ಒಟ್ಟಿಗೆ "ಆಮೆನ್" ಎಂದರು.

"ಅನ್ನಮ್ಮ ಬರಲೇ ಇಲ್ಲ."

"ಇಲ್ಲ ಬಾಯಮ್ಮ. ಇನ್ನು ನೀವು ಹೇಳಿ, ನಾನು ಕೇಳುತ್ತೇನೆ."

ಅಜ್ಜಿ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು. "ಇದು ಪುಸ್ತಕದ್ದಲ್ಲ ಜೆಸ್ಸಿ, ನನ್ನ ಅಜ್ಜಿ ಹೇಳಿದ್ದು" ಎಂದು ಆರಂಭಿಸಿ, ಗುಬ್ಬಿಗೂಡಿನಿಂದ ತೊಟ್ಟಿಲಿನವರೆಗೆ ಹೇಳಿದರು. ಬೈಬಲನ್ನು ಮಡಿಲಲ್ಲಿಟ್ಟುಕೊಂಡು ಗುರುಗಳು ಕೊನೆಯವರೆಗೂ ಕೇಳಿದರು. ಎಷ್ಟೋ ದಿನಗಳ ಬಳಿಕ ನಾನೂ ಕೇಳಿದೆ.

ಹೊರಟು ನಿಂತ ಗುರುಗಳಿಗೆ ಅಜ್ಜಿ ಹೇಳಿದ ಮಾತೇ ಅವರ ಶಿಷ್ಯರೆಲ್ಲರ ಹಾರೈಕೆ: "ನೂರು ವರ್ಷ ಬಾಳಿ ಮಾಸ್ಟ್ರೇ. ಹಳೆ ಒಡಂಬಡಿಕೆ ಪೂರಾ ಬಾಕಿ ಉಂಟು."