ಅಮ್ಮನ ಬೋಳು ಹಣೆ

"ನಿಮ್ಮಪ್ಪ ಇನ್ನೂ ಬದುಕಿದಾರೆ ಕಣೇ."

ನಾನು ಬರೆದ ಚಿತ್ರವನ್ನು ಮೊದಲ ಸಲ ನೋಡಿದಾಗ ಅಮ್ಮ ಹೇಳಿದ ಮಾತು ಇದು. ಅವಳ ಕೈಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಮೊರ ಇತ್ತು. ಅದನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಅರ್ಧ ಸೊಪ್ಪು ನೆಲಕ್ಕೆ ಬಿತ್ತು. ಚಿತ್ರದಲ್ಲಿದ್ದವಳು ಅವಳೇ. ಮೂಗು, ಗಲ್ಲ, ಕಿವಿಯ ಪಕ್ಕದ ನರೆತ ಕೂದಲು ಎಲ್ಲವೂ ಅವಳದ್ದೇ. ಹಣೆಯಲ್ಲಿ ಬೊಟ್ಟು ಮಾತ್ರ ಇರಲಿಲ್ಲ. ಅಪ್ಪನ ಹೃದಯದ ಆಪರೇಷನ್ನಿಗೆ ಇನ್ನೊಂದೇ ವಾರ ಉಳಿದಿತ್ತು.

ಹಿಂದಿನ ವರ್ಷ ಪಿಯುಸಿ ಮುಗಿದಾಗ ಬಿ.ಕಾಂ ಸೇರುವುದಿಲ್ಲ, ಕಲಾ ಕಾಲೇಜಿಗೇ ಹೋಗುವುದು ಎಂದು ನಾನು ಹಟ ಹಿಡಿದಿದ್ದೆ. ಅಪ್ಪನದು ನಾಯಂಡಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಮೊಳೆ, ಬೋಲ್ಟು, ಪೈಪುಗಳ ಮನುಷ್ಯ. "ಒಂದ್ ವರ್ಷ ಟೈಮ್ ಕೊಡ್ತೀನಿ. ಚಿತ್ರ ಕಲಿ. ಸೀಟು ಸಿಗ್ಲಿಲ್ವಾ, ಬಾಯ್ಮುಚ್ಕೊಂಡು ಬಿ.ಕಾಂಗೆ ಹೋಗು," ಎಂದರು. ನಾನೂ ಜಂಬದಿಂದ ಒಪ್ಪಿದೆ. ಅತ್ತಿಗುಪ್ಪೆಯ ನಮ್ಮ ಮನೆಯಿಂದ ಬಸವೇಶ್ವರನಗರದ ಚಿತ್ರದ ಕ್ಲಾಸಿಗೆ ಬಸ್ಸು ಹತ್ತಿದ ಮೊದಲ ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಶಾಲೆಯಲ್ಲಿ ಬಹುಮಾನ ಹೊಡೆದವಳಲ್ಲವೇ ನಾನು!

ಸಾರ್ ನನ್ನ ಮುಂದೆ ಒಂದು ಸ್ಟೀಲ್ ಚೊಂಬು ಇಟ್ಟು ಬರಿ ಎಂದರು. ಇಷ್ಟೇನಾ ಎಂದುಕೊಂಡು ಸರಸರ ಬರೆದು ಕೊಟ್ಟೆ.

"ಬಾಯಿ ಯಾಕಮ್ಮಾ ಇಷ್ಟು ಗುಂಡಗಿದೆ?"

"ಚೊಂಬಿನ ಬಾಯಿ ಗುಂಡಗೇ ಇರತ್ತಲ್ಲ ಸಾರ್."

"ಇರತ್ತೆ. ನೀನು ಕೂತಿರೋ ಜಾಗದಿಂದ ಹಂಗೆ ಕಾಣ್ತಿದ್ಯಾ?"

ಕಾಣುತ್ತಿರಲಿಲ್ಲ. ಮೇಲಿಂದ ಅಮುಕಿದ ಕೋಡುಬಳೆಯ ಹಾಗೆ ಅಡ್ಡಕ್ಕೆ ಚಪ್ಪಟೆಯಾಗಿ ಕಾಣುತ್ತಿತ್ತು. "ಗೊತ್ತಿರೋದನ್ನ ಬರೀಬೇಡ, ಕಾಣೋದನ್ನ ಬರಿ," ಎಂದರು ಸಾರ್. ವರ್ಷವಿಡೀ ಅವರು ಹಾಡಿದ ಪಲ್ಲವಿ ಅದೊಂದೇ. ಮಳೆಗಾಲ ಪೂರ್ತಿ ನಾನು ಚೊಂಬನ್ನೇ ಬರೆದೆ. ಬಿ.ಕಾಂ ಸೇರಿದ್ದ ಗೆಳತಿಯರು "ಏನೇ, ಕೊನೆಗೂ ನಿಂಗೆ ಸಿಕ್ಕಿದ್ದು ಚೊಂಬೇನಾ?" ಎಂದು ಕಾಲೆಳೆದರು. ಒಂದು ದಿನ ಉರಿ ತಡೆಯದೆ ಪೆನ್ಸಿಲ್ ಎಸೆದು ಮನೆಗೆ ಬಂದುಬಿಟ್ಟೆ. ಮರುದಿನ ಮುಖ ಊದಿಸಿಕೊಂಡು ಮತ್ತೆ ಹೋದಾಗ ಸಾರ್ ಆ ಪೆನ್ಸಿಲನ್ನೇ ಚೂಪು ಮಾಡಿ ಕೈಗೆ ಕೊಟ್ಟರು.

ಚೊಂಬು ದಾಟಿ, ಕುರ್ಚಿ ದಾಟಿ, ಮುಖಕ್ಕೆ ಬಂದೆ. ಅಲ್ಲಿ ಮತ್ತೆ ಮುಗ್ಗರಿಸಿದೆ. ಯಾರನ್ನು ಕೂರಿಸಿಕೊಂಡು ಬರೆದರೂ ಕ್ಯಾಲೆಂಡರಿನ ಲಕ್ಷ್ಮಿಯೇ ಬಂದು ಕೂರುತ್ತಿದ್ದಳು. ಅದೇ ದೊಡ್ಡ ಕಣ್ಣು, ಅದೇ ಎಳೆದ ಹುಬ್ಬು. ಕಾಲೇಜಿಗೆ ಅರ್ಜಿಯ ಜೊತೆ ಚಿತ್ರಗಳ ಕಟ್ಟು ಕೊಡಬೇಕು. ಅದರಲ್ಲಿ ಎದುರಿಗೆ ಕೂತ ಮನುಷ್ಯರ ಮುಖ ಇರಲೇಬೇಕು. ನನ್ನ ಹತ್ತಿರ ತೋರಿಸುವಂಥ ಒಂದು ಮುಖವೂ ಇರಲಿಲ್ಲ.

ಆಗಲೇ ಅಪ್ಪನಿಗೆ ಅಂಗಡಿಯಲ್ಲಿ ಎದೆನೋವು ಬಂತು. ಪರೀಕ್ಷೆಗಳಾದವು. ಎದೆ ತೆರೆದು ಆಪರೇಷನ್ ಮಾಡಲೇಬೇಕು ಎಂದರು ಡಾಕ್ಟರು. ಮನೆಯಲ್ಲಿ ಮಾತು ಕಡಿಮೆಯಾಯಿತು. ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತಿದ್ದೆವು. ಅಮ್ಮ ಬೆಳಕು ಹರಿಯುವ ಮೊದಲೇ ಎದ್ದು ಅಡುಗೆಮನೆಯ ಕಿಟಕಿಯ ಹತ್ತಿರ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. ಎದ್ದು ಮುಖ ತೊಳೆಯುವಾಗ ತೆಗೆದ ಸ್ಟಿಕ್ಕರ್ ಬೊಟ್ಟನ್ನು ಅವಳು ಮತ್ತೆ ಇಡುವುದು ಸ್ನಾನ ಆದ ಮೇಲೆಯೇ. ಮೊದಲ ಮೆಟ್ರೋ ಸದ್ದು ಮಾಡಿಕೊಂಡು ಹೋಗುವ ಆ ಹೊತ್ತಿನಲ್ಲಿ ಅವಳ ಹಣೆ ಬರಿದಾಗಿರುತ್ತಿತ್ತು. ನಡುವೆ ಸ್ಟಿಕ್ಕರಿನ ಅಂಟಿಗೆ ಕೆಂಪಗೆ ಸುಲಿದ ಚರ್ಮ, ಅದರ ಸುತ್ತ ಬಿಳಚಿಕೊಂಡ ಒಂದು ವೃತ್ತ. ನಾನು ಬಾಗಿಲ ಪಕ್ಕ ನೆಲದ ಮೇಲೆ ಕೂತು ದಿನಾ ಸ್ವಲ್ಪ ಸ್ವಲ್ಪ ಬರೆದೆ.

"ಏನೇ ಅದು? ಇವತ್ತೂ ಚೊಂಬಾ?" ಎಂದು ಒಮ್ಮೆ ಕೇಳಿದಳು.

"ಹೂಂ."

"ಬರಿ, ಬರಿ," ಎಂದು ಮತ್ತೆ ಕಿಟಕಿಯ ಕಡೆ ತಿರುಗಿದಳು.

ಲಕ್ಷ್ಮಿ ಬರಲಿಲ್ಲ. ಬಂದದ್ದು ಅಮ್ಮ. ಗಂಡ ಉಳಿಯುತ್ತಾನೋ ಇಲ್ಲವೋ ಎಂದು ಹೆದರಿ ಕೂತ ಹೆಂಗಸು. ಸಾರ್ ಅದನ್ನು ಕಿಟಕಿಯ ಬೆಳಕಿಗೆ ಒಯ್ದು ತುಂಬಾ ಹೊತ್ತು ನೋಡಿದರು. "ಇದಿಲ್ಲ ಅಂದ್ರೆ ನಿನ್ನ ಕಟ್ಟಲ್ಲಿ ಏನೂ ಇಲ್ಲಮ್ಮ. ಇದನ್ನೇ ಎಲ್ಲದಕ್ಕಿಂತ ಮೇಲೆ ಇಡು," ಎಂದರು. ನಾನು ಕುಣಿದುಕೊಂಡು ಮನೆಗೆ ಬಂದು ಚಿತ್ರವನ್ನು ಮೇಜಿನ ಮೇಲೆ ಬಿಟ್ಟೆ. ಅದನ್ನೇ ಅಮ್ಮ ನೋಡಿದ್ದು.

"ಎದ್ದಾಗ ನೀನು ಹಿಂಗೇ ಇರ್ತೀಯಲ್ಲಮ್ಮ! ಕಂಡಿದ್ದನ್ನ ಬರ್ದಿದೀನಿ."

"ನೋಡ್ದೋರು ಏನಂತಾರೆ? ಮುತ್ತೈದೆ ಅಂತಾರಾ? ಇಂಥ ಹೊತ್ತಲ್ಲಿ ಬರಿಯೋಂಥದ್ದೇನೇ ಇದು?"

"ಬೊಟ್ಟಿಲ್ಲ ಅಂತ ಬರೆದ್ರೆ ಅಪ್ಪ ಸತ್ತೋಗ್ತಾರಾ?"

"ಬಿಡ್ತು ಅನ್ನು!" ಅಮ್ಮ ಕಿರುಚಿದಳು. "ಬಿಡ್ತು ಅನ್ನೇ ಮೊದ್ಲು!"

"ಬಿಡ್ತು," ಎಂದೆ. ನನ್ನ ನಾಲಿಗೆಗೇ ಗಾಬರಿಯಾಗಿತ್ತು. ಬಾಯಿ ತಪ್ಪಿ ಆಡಿದ ಅಪಶಕುನಕ್ಕೆ ನಮ್ಮಲ್ಲಿ ಬಿಡ್ತು ಎಂದರೆ ಮುಗಿಯಿತು. ಕೈಯಾರೆ ಬರೆದದ್ದಕ್ಕೆ ಏನು ಅನ್ನಬೇಕು?

"ಒಂದು ಬೊಟ್ಟು ಇಡೋಕೆ ಏನೇ ಕಷ್ಟ ನಿಂಗೆ?" ಅಮ್ಮನ ದನಿ ಈಗ ಬೇಡುತ್ತಿತ್ತು.

ಮೂಢನಂಬಿಕೆ, ಹಾಗೆ ಹೀಗೆ ಎಂದು ನಾನು ಬಾಯಿ ಮಾಡಿದೆ. ಹಾಗೆನ್ನುತ್ತಲೇ ಪೆನ್ಸಿಲ್ ತೆಗೆದುಕೊಂಡೆ ಕೂಡ. ಆದರೆ ಕೈ ಏಳಲಿಲ್ಲ. ಬೊಟ್ಟು ಇಟ್ಟರೆ ಅದು ಮತ್ತೆ ಚೊಂಬಿನ ಗುಂಡು ಬಾಯಿಯೇ. ಇಡದಿದ್ದರೆ, ನಾಳೆ ಏನಾದರೂ ಆದರೆ, ಜೀವನಪೂರ್ತಿ ನನ್ನ ಕಣ್ಣಿಗೆ ಈ ಹಾಳೆಯೇ ಕಾಣುತ್ತದೆ.

ನಾನು ಸುಮ್ಮನೆ ಕೂತದ್ದನ್ನು ಕಂಡು ಅಮ್ಮ ದೇವರಮನೆಗೆ ಹೋಗಿ ಉಂಗುರದ ಬೆರಳಿಗೆ ಕುಂಕುಮ ಹಚ್ಚಿಕೊಂಡು ಬಂದಳು. "ನೀನು ಇಡ್ದಿದ್ರೆ ನಾನೇ ಇಡ್ತೀನಿ," ಎಂದು ಚಿತ್ರದ ಹಣೆಯ ಕಡೆಗೆ ಬೆರಳು ತಂದಳು. ಇನ್ನೇನು ತಾಗಬೇಕು, ಬೆರಳು ಗಾಳಿಯಲ್ಲಿ ನಿಂತಿತು. ಅವಳ ಕಣ್ಣು ಹಾಲಿನ ಗೋಡೆಗೆ ಹೋಯಿತು, ನನ್ನದೂ. ಅಲ್ಲಿ ತಾತನ, ಅಜ್ಜಿಯ ಫೋಟೋಗಳಿದ್ದವು. ಹಬ್ಬಹಬ್ಬಕ್ಕೆ ಗಾಜು ಒರೆಸಿ ಅವರ ಹಣೆಗೆ ಕುಂಕುಮ ಇಡುವವಳು ಅವಳೇ. ದೇವರಿಗೆ ಬಿಟ್ಟರೆ, ಹಾಗೆ ಪಟದ ಮೇಲೆ ಕುಂಕುಮ ಇಡುವುದು ಸತ್ತವರಿಗೆ. ಬೊಟ್ಟು ಇಲ್ಲದಿದ್ದರೆ ಅಪ್ಪ ಇಲ್ಲ, ಇಟ್ಟರೆ ತಾನೇ ಇಲ್ಲ!

ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದುಬಿದ್ದು ನಗುತ್ತಿದ್ದೆವು. ಅವಳು ಆ ಬೆರಳನ್ನು ತನ್ನ ಹಣೆಗೇ, ಸ್ಟಿಕ್ಕರಿನ ಮೇಲೆಯೇ ಒತ್ತಿಕೊಂಡಳು. ಅಡಿಯ ಗಾಯ ಉರಿದು ಕಣ್ಣು ಮುಚ್ಚಿದಳು. "ಇದೊಂದು ಬಿಟ್ಟು ಬೇರೆ ಏನ್ ಬೇಕಾದ್ರೂ ಕಾಲೇಜಿಗೆ ಕೊಡು, ನಿನ್ ದಮ್ಮಯ್ಯ," ಎಂದಳು. ಅದಾದ ಮೇಲೆ ನಮ್ಮಿಬ್ಬರ ನಡುವೆ ಮಾತೇ ನಿಂತಿತು.

ಆಪರೇಷನ್ನಿನ ದಿನ ಆಸ್ಪತ್ರೆಯ ಕಬ್ಬಿಣದ ಕುರ್ಚಿಗಳಲ್ಲಿ ನಡುವೆ ಒಂದು ಕುರ್ಚಿ ಬಿಟ್ಟು ಕೂತಿದ್ದೆವು. ಬಾಗಿಲು ತೆರೆದಾಗಲೆಲ್ಲ ಅಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದಳು. ಅಪ್ಪ ಬದುಕಿ ಬಂದರೆ ಆ ಚಿತ್ರವನ್ನು ಹರಿದು ಒಲೆಗೆ ಹಾಕುತ್ತೇನೆ ಎಂದು ಗೊತ್ತಿದ್ದ ದೇವರಿಗೆಲ್ಲ ಹೇಳಿಕೊಂಡೆ. ಅಪ್ಪ ಬಂದರು. ನಾನು ಹರಿಯಲಿಲ್ಲ.

ಕಾಲೇಜಿಗೆ ಕಟ್ಟು ಕೊಡುವ ಹಿಂದಿನ ದಿನ ಅಪ್ಪ ಎದೆಗೆ ಬೆಲ್ಟು ಬಿಗಿದುಕೊಂಡು ಹಾಲಿನಲ್ಲಿ ದಿಂಬಿಗೆ ಒರಗಿ ಕೂತಿದ್ದರು. ನಾನು ನೆಲದ ಮೇಲೆ ಹಾಳೆಗಳನ್ನು ಜೋಡಿಸುತ್ತಿದ್ದೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೊಂದೇ ಹಾಳೆ ನೋಡುತ್ತಿದ್ದಳು.

"ಏನ್ ನಡೀತಿದೆ ಇಲ್ಲಿ?" ಎಂದರು ಅಪ್ಪ. "ಆಸ್ಪತ್ರೇಲೂ ನೋಡ್ದೆ. ಅಮ್ಮ ಮಗಳು ಮುಖ ಕೊಟ್ಟು ಮಾತಾಡ್ತಿಲ್ಲ."

"ಏನಿಲ್ಲ, ನೀವು ಮಲ್ಕೊಳಿ," ಎಂದಳು ಅಮ್ಮ.

ನನಗೆ ಸಾಕಾಗಿಹೋಗಿತ್ತು. ಎಲ್ಲಕ್ಕಿಂತ ಕೆಳಗಿದ್ದ ಅಮ್ಮನ ಚಿತ್ರವನ್ನು ಎಳೆದೆ.

"ಬೇಡ ಕಣೇ, ಈಗ ತಾನೇ ಎದ್ದು ಕೂತಿದಾರೆ..." ಅಮ್ಮ ಓಡಿ ಬರುವಷ್ಟರಲ್ಲಿ ಚಿತ್ರ ಅಪ್ಪನ ತೊಡೆಯ ಮೇಲಿತ್ತು.

ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು. ಅವರ ಉಸಿರು ಏರಿಳಿಯುವುದನ್ನೇ ನಾನು ಕಾಯುತ್ತಿದ್ದೆ. ಏನಾದರೂ ಆಗಿಬಿಟ್ಟರೆ ಎಂದು ಅಮ್ಮನಿಗಿಂತ ನಾನೇ ಹೆಚ್ಚು ಹೆದರಿದ್ದೆ.

"ಹಣೇಲಿ ಇದೇನು, ಗಾಯಾನಾ?" ಎಂದು ಕೇಳಿ ಅಪ್ಪ ತಲೆಯೆತ್ತಿ ಅಮ್ಮನ ಸ್ಟಿಕ್ಕರನ್ನು ನೋಡಿದರು. "ಇದರ ಕೆಳಗೆ ಹಿಂಗಾಗಿದ್ಯಾ?"

"ಅಂಟು ಒಗ್ಗಲ್ಲ ನಂಗೆ."

"ಎಷ್ಟ್ ದಿನದಿಂದ?"

"ದಿನ ಎಲ್ಲಿ ಬಂತು, ವರ್ಷಗಳಾಯ್ತು."

"ನನ್ ಹತ್ರ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ? ಬೊಟ್ಟು ಇಡ್ಬೇಡ ಅಂತಿದ್ರಾ?"

ಅಪ್ಪ ಚಿತ್ರದ ಹಣೆಯ ಮೇಲೆ ಹೆಬ್ಬೆರಳಿಟ್ಟು, ಪೆನ್ಸಿಲ್ ಮಸಿ ಹರಡೀತೆಂದು ತಕ್ಷಣ ತೆಗೆದರು. "ಇನ್ಮೇಲೆ ಅಂಟಿಸ್ಬೇಡ," ಎಂದರು ಕೊನೆಗೆ.

"ನೀವಿರೋವರ್ಗೂ ಅಂಟಿಸ್ತೀನಿ," ಎಂದಳು ಅಮ್ಮ. ಅವರ ತೊಡೆಯ ಮೇಲಿಂದ ಚಿತ್ರವನ್ನು ಮೆಲ್ಲಗೆ ಎತ್ತಿ ನನ್ನ ಕಟ್ಟಿನ ಎಲ್ಲಕ್ಕಿಂತ ಮೇಲೆ ಇಟ್ಟಳು.

"ತಗೊಂಡ್ ಹೋಗು. ಅವ್ರೇ ನೋಡಾಯ್ತಲ್ಲ, ಇನ್ಯಾರಿಗೆ ಹೆದ್ರಲಿ."