ಹನ್ನೊಂದು ಮಂದಿಯ ಉಸಿರು

ಗೋವಾದ ಮೋತಿ ಡೊಂಗರ್ ಗುಡ್ಡದ ಮೇಲಿನ ನಮ್ಮ ಓಣಿಯ ಬಾಗಿಲುಗಳೆಲ್ಲ ಐದೂವರೆ ಅಡಿ. ಡಾಕ್ಟರಕ್ಕ ಆರಡಿ. ಹಾಗಾಗಿ ಅವರ ಹಣೆಯ ನಡುವೆ, ಬೇರೆಯವರು ಕುಂಕುಮ ಇಡುವ ಜಾಗದಲ್ಲಿ, ಒಂದು ಬುಗುಟು ಕಾಯಂ ಆಗಿ ಇತ್ತು. ಯಾರ ಮನೆಗೆ ಬಂದರೂ ಮೊದಲು ‘ಟಪ್’ ಎಂಬ ಸದ್ದು, ಅದರ ಹಿಂದೆ ಡಾಕ್ಟರಕ್ಕ. ಓಣಿಯ ನಾಯಿಗಳು ಕೂಡ ಆ ಸದ್ದಿಗೆ ಬಾಲ ಅಲ್ಲಾಡಿಸಲು ಕಲಿತಿದ್ದವು.

ಅವರು ಕೀನ್ಯಾದವರು. ಅಲ್ಲಿ ಡಾಕ್ಟರಾಗಿದ್ದು ಸಾಲದೆ, ಗೋವಾದ ಕಾಲೇಜಿಗೆ ಇನ್ನೂ ದೊಡ್ಡ ಡಾಕ್ಟರಾಗಲು ಬಂದಿದ್ದರು. ಆ ಓದಿಗಾಗಿ ಗ್ರಾನೈಟು, ಟೈಲ್ಸು ಕತ್ತರಿಸುವವರ ಎದೆಯ ಪರೀಕ್ಷೆ ಮಾಡಬೇಕಿತ್ತು. ನಮ್ಮ ಓಣಿಯಲ್ಲಿ ಅಂಥವರು ಹನ್ನೊಂದು ಮಂದಿ, ನಮ್ಮಪ್ಪನೂ ಸೇರಿ. ಎಲ್ಲರೂ ವಿಜಯಪುರದ ಕಡೆಯವರು, ಎಲ್ಲರನ್ನೂ ಕೆಲಸಕ್ಕೆ ಕರೆದೊಯ್ಯುವ ಮುಕಾದಮ ಒಬ್ಬನೇ. ಅದಕ್ಕೇ ಡಾಕ್ಟರಕ್ಕ ಹಿಟ್ಟಿನ ಗಿರಣಿಯ ಮೇಲಿನ ಖೋಲಿಯನ್ನೇ ಬಾಡಿಗೆಗೆ ಹಿಡಿದರು.

ಇದನ್ನು ಯಾರು ನಂಬುತ್ತಾರೆ? ಮನೆ ಕೆಡವಲು ಅಳತೆ ತೆಗೆಯಲು ಬಂದವರು ಎಂದು ಕೆಲವರು, ವಿಮಾ ಕಂಪನಿಯ ಗೂಢಚಾರಿಣಿ ಎಂದು ಕೆಲವರು. ಪೊಲೀಸರ ಕಡೆಯವರು ಎಂಬ ಸುದ್ದಿ ಹಬ್ಬಿಸಿದವನು ನಾನೇ, ಆದರೆ ಸಂಜೆಯ ಹೊತ್ತಿಗೆ ಅದು ತಿರುಗಿ ನನ್ನ ಕಿವಿಗೆ ಬಿದ್ದಾಗ ನನಗೇ ಹೆದರಿಕೆಯಾಯಿತು. ಎದುರು ಮನೆಯ ಆಯಿಗೆ ಮಾತ್ರ ಒಂದೇ ಪ್ರಶ್ನೆ: “ಅವರ ದೇಶದಾಗ ಎದಿ ಇಲ್ಲೇನು? ನಮ್ಮ ಎದಿ ನೋಡಾಕ ಸಮುದ್ರ ದಾಟಿ ಬರಬೇಕೇನು?”

ಯಾರು ಕೆಮ್ಮಿದರೂ ಡಾಕ್ಟರಕ್ಕ “ಪೋಲೆ, ಪೋಲೆ” ಅನ್ನುತ್ತಿದ್ದರು. ಅವರ ಕಡೆ ಅದು ‘ಅಯ್ಯೋ ಪಾಪ’ ಅಂದ ಹಾಗೆ. ನಮಗೇನು ಗೊತ್ತು? ಆಯಿ ಅದನ್ನು ಮಂತ್ರ ಎಂದಳು, ಅಪ್ಪ ಕೆಮ್ಮಿನ ಲೆಕ್ಕ ಎಂದ. ಅಂದಿನಿಂದ ಓಣಿಯ ಗಂಡಸರು ಗಿರಣಿಯ ಮುಂದೆ ಕೆಮ್ಮು ನುಂಗಿಕೊಂಡು, ಕಣ್ಣು ಮೆಣಸಿನಕಾಯಿ ಮಾಡಿಕೊಂಡು ದಾಟಿ, ತಿರುವಿನಾಚೆ ನಿಂತು ಒಟ್ಟಿಗೆ ಕೆಮ್ಮುತ್ತಿದ್ದರು. ದೂರದಿಂದ ಕೇಳಿದವರಿಗೆ ದೀಪಾವಳಿ.

ಅವರು ಜೋಳದ ಹಿಟ್ಟಿನಲ್ಲಿ ತಮ್ಮೂರಿನ ಮುದ್ದೆ ಮಾಡಿಕೊಳ್ಳುತ್ತಿದ್ದರು. ಆಯಿ ಕಿಟಕಿಯಲ್ಲಿ ಇಣುಕಿ ನೋಡಿ ಬಂದು ತೀರ್ಪು ಕೊಟ್ಟಳು: “ಡಾಕ್ಟರ್ ಹೌದೋ ಅಲ್ಲೋ ದೇವರಿಗೆ ಗೊತ್ತು. ಮುದ್ದಿ ಮಾತ್ರ ಚಲೋ ತಿರುವ್ತಾಳ.” ಆಮೇಲೆ ದಿನಾ ಹೋಗಿ ಕೂತು ಕನ್ನಡ ಕಲಿಸಿದವಳೂ ಅವಳೇ, ಸಂಶಯ ಮಾತ್ರ ಬಿಡಲಿಲ್ಲ.

ಮಳೆ ಶುರುವಾದ ಮೇಲೆ ಡಾಕ್ಟರಕ್ಕ ಹನ್ನೊಂದು ಮನೆಗೂ ಒಂದೊಂದು ಪ್ಲಾಸ್ಟಿಕ್ ಕೊಳವೆ ಹಂಚಿದರು. ಜೋರಾಗಿ ಊದಿದರೆ ಕೆಂಪು ಮುಳ್ಳು ಮೇಲೆ ಸರಿದು ಎದೆಯ ಜೋರನ್ನು ತೋರಿಸುತ್ತದೆ. ಕೆಲಸಕ್ಕೆ ಹೋಗುವ ಮುಂಚೆ ಮೂರು ಸಲ, ಬಂದ ಮೇಲೆ ಮೂರು ಸಲ ಊದಿ ಸಂಖ್ಯೆ ಬರೆದಿಡಬೇಕು. ಎರಡು ವಾರ.

ಮರುದಿನವೇ ಮುಕಾದಮ ಚಹಾದ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಅಂದ: “ಊದ್ರಿ, ಊದ್ರಿ. ಯಾರ ಎದಿ ಹೋಗೇತಿ ಅಂತ ನನಗೂ ಗೊತ್ತಾಗ್ಲಿ. ಹೊಸಾ ಹುಡುಗೂರು ಭಾಳ ಮಂದಿ ಕೆಲಸ ಕೇಳಾಕತ್ತಾರ.”

ಅಪ್ಪ ಮನೆಗೆ ಬಂದು ಕೊಳವೆಯನ್ನು ಹಾವಿನ ಮರಿಯ ಹಾಗೆ ನೋಡುತ್ತ ಕೂತ. “ಒಲ್ಲೆ ಅಂದ್ರ ಎದಿ ಹೋಗೇತಿ ಅಂತಾರ. ಊದಿದ್ರ ಮುಕಾದಮಗ ನಂಬರ್ ಸಿಗತೈತಿ.” ಆಮೇಲೆ ನನ್ನ ಕಡೆ ತಿರುಗಿದ. “ನೀ ಊದಲೇ.”

ನನಗಾಗ ಹದಿನೇಳು. ಊದಿದೆ. ನಾನೂರಾ ಎಂಬತ್ತು! ಅಪ್ಪನ ಹೆಸರಿನ ಮುಂದೆ ಬರೆದೆ. ಮರುದಿನ ಪಕ್ಕದ ಮನೆಯ ಕಾಕಾ ಕೊಳವೆ ಹಿಡಿದು ಬಂದ, ಅವನ ಹಿಂದೆ ಇನ್ನಿಬ್ಬರು. ವಾರ ಕಳೆಯುವಷ್ಟರಲ್ಲಿ ಹನ್ನೊಂದು ಗಂಡಸರ ಉಸಿರಿನ ಗುತ್ತಿಗೆ ನನ್ನದಾಗಿತ್ತು. ಊದಿ ಊದಿ ತಲೆ ತಿರುಗಿ, ಶಾಲೆಯಲ್ಲಿ ಹಾಜರಿ ಕೂಗಿದಾಗ ಅಪ್ಪನ ಹೆಸರೇ ಇದ್ದ ಇನ್ನೊಬ್ಬ ಹುಡುಗನ ಸರದಿಗೆ ಎರಡು ಸಲ ಎದ್ದು ನಿಂತಿದ್ದೇನೆ. ನಾನು ಸುಳ್ಳು ಬರೆಯುವವನಲ್ಲ. ಮುಳ್ಳು ತೋರಿಸಿದ್ದನ್ನೇ, ಅವರವರ ವಯಸ್ಸಿಗೆ ತಕ್ಕಂತೆ ಹತ್ತಿಪ್ಪತ್ತು ಕಡಿಮೆ ಮಾಡಿ ಬರೆಯುತ್ತಿದ್ದೆ. ಅದಕ್ಕೂ ಜಗಳ.

“ಅವಂಗ ನಾನೂರಾ ಎಪ್ಪತ್ತು, ನನಗ ನಾನೂರಾ ಐವತ್ತು?” ಕಾಕಾ ಬಾಗಿಲಲ್ಲಿ ನಿಂತು ಕೂಗಿದ. “ಅವನಕಿಂತ ನನ್ನ ಎದಿ ಏನ್ ಸಣ್ಣದೈತೇನಲೇ?”

“ಕಾಕಾ, ಎರಡೂ ನನ್ನ ಎದಿನ.”

“ಆದ್ರೇನಾತು? ನಂದು ಹೆಚ್ಚು ಬರಿ.”

ಎರಡನೆಯ ವಾರದ ಗುರುವಾರ ಮಳೆಯಲ್ಲಿ ಫುಟ್‌ಬಾಲ್ ಆಡಿ ನನಗೆ ಜ್ವರ ಬಂತು. ಆದರೂ ಕೆಲಸ ಬಿಡಲಿಲ್ಲ, ನರಳುತ್ತಲೇ ಹನ್ನೊಂದೂ ಊದಿ ಮುಗಿಸಿದೆ.

ಕಾಗದಗಳನ್ನು ಒಟ್ಟು ಮಾಡಿದ ಸಂಜೆ ಡಾಕ್ಟರಕ್ಕ ನನ್ನೊಬ್ಬನನ್ನೇ ಖೋಲಿಗೆ ಕರೆದರು. ನೆಲದ ಮೇಲೆ ಹನ್ನೊಂದು ಹಾಳೆ ಹರಡಿದ್ದವು.

“ಗುರುವಾರ ಏನಾತು?” ಎಂದು ಕೇಳಿದರು. “ಹನ್ನೊಂದ್ ಮಂದಿ ಉಸಿರು ಒಮ್ಮೆಲೆ ಬಿತ್ತು. ಶನಿವಾರ ಒಮ್ಮೆಲೆ ಎದ್ದಿತು.”

“ಗಾಳಿ ಕೆಟ್ಟಿತ್ರಿ ಅಕ್ಕಾರ.”

ಅವರು ಹೊಸ ಕೊಳವೆ ಕೊಟ್ಟರು. “ಊದು.” ನಾನು ಬೇಕೆಂದೇ ಮೆಲ್ಲಗೆ ಊದಿದೆ. “ಖರೇ ಊದು.” ಊದಿದೆ. ನಾನೂರಾ ಎಂಬತ್ತು. ಅವರು ನಗಲಿಲ್ಲ. “ನಿನ್ನ ಎದಿ ಚಲೋ ಐತಿ, ನನಗ ಗೊತ್ತಾತು. ನಿಮ್ಮಪ್ಪಂದು ಯಾರಿಗೂ ಗೊತ್ತಿಲ್ಲ.”

ಅಷ್ಟರಲ್ಲಿ ಮುಕಾದಮ ಮೆಟ್ಟಿಲು ಹತ್ತಿ ಬಂದ. ನಾನು ಅಂದುಕೊಂಡೆ: ಇವನೂ ಡಾಕ್ಟರಕ್ಕನೂ ಒಳಗೊಳಗೇ ಒಂದೇ, ಈಗ ಹಾಳೆ ಕೈ ಬದಲಾಯಿಸುತ್ತದೆ.

“ಕಾಗದ ಬ್ಯಾಡ್ರಿ ಮೇಡಂ,” ಎಂದ ಅವನು, ಬೆಲ್ಲದ ದನಿಯಲ್ಲಿ. “ಯಾರ್ದು ಕಡಿಮಿ ಐತಿ, ಒಂದೆರಡು ಹೆಸರು ಹೇಳ್ರಿ ಸಾಕು. ಅವರ ಒಳ್ಳೇದಕ್ಕ ಕೇಳಾಕತ್ತೇನಿ.”

“ಹೆಸರು ಕೊಡೂದಿಲ್ಲ.”

“ಕಡಿಮಿ ಐತೋ ಇಲ್ಲೋ, ಅದನ್ನರ ಹೇಳ್ರಿ.”

ಡಾಕ್ಟರಕ್ಕ ನನ್ನನ್ನೊಮ್ಮೆ ನೋಡಿದರು. “ಈ ಓಣ್ಯಾಗ ಎಲ್ಲಾರ ಎದಿ ಹದಿನೇಳು ವರ್ಷದ ಹುಡುಗನ ಎದಿ.”

ಅವನು ಇಳಿದು ಹೋದ ಮೇಲೆ ಒಂದೊಂದೇ ಹಾಳೆಗೆ ಅಡ್ಡಗೆರೆ ಎಳೆದರು. ಅವರ ಕೆಲಸ ಮತ್ತೆ ಮೊದಲಿನಿಂದ, ಊರಿಗೆ ಹೋಗುವುದು ಇನ್ನೂ ಆರು ತಿಂಗಳು ತಡ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮನೆಯಲ್ಲಿ ಎಲ್ಲ ಹೇಳಿದೆ. ಅವ್ವ, “ಇವ ಹೇಳಿದ್ರಾಗ ಅರ್ಧ ಕಳದು ನಂಬಬೇಕು,” ಅಂದಳು. ಅಪ್ಪ ಮಾತ್ರ ಊಟ ನಿಲ್ಲಿಸಿದ. “ಹೆಸರು ಖರೇನ ಕೊಡಲಿಲ್ಲೇನು?”

“ಖರೇನೋ ಯಪ್ಪಾ.”

ರವಿವಾರ ಬೆಳಿಗ್ಗೆ ಅಪ್ಪ ತಾನೇ ಗಿರಣಿಯ ಮೆಟ್ಟಿಲು ಹತ್ತಿದ. ನಾನು ಹಿಂದೆಯೇ ಹೋದೆ. ಊದಿದ. ಮುಳ್ಳು ಇನ್ನೂರಾ ಹತ್ತಕ್ಕೆ ನಿಂತಿತು.

“ಮುಳ್ಳು ಸಿಕ್ಕೊಂಡೈತಿ ನೋಡ್ರಿ,” ಎಂದ ಅಪ್ಪ.

ಡಾಕ್ಟರಕ್ಕ ಬೇರೆ ಕೊಳವೆ ಕೊಟ್ಟರು. ಇನ್ನೂರು. ಮೂರನೆಯದನ್ನು ಕೊಟ್ಟರು. ಅಪ್ಪನ ಕತ್ತಿನ ನರ ಉಬ್ಬಿತು, ನನ್ನ ಬಾಯಿ ಅದರಷ್ಟಕ್ಕೆ ಊದುತ್ತಿತ್ತು. ಮುಳ್ಳು ಅಷ್ಟೂ ಏರಲಿಲ್ಲ.

“ಕೊಳವಿ ಚಲೋ ಐತ್ರಿ,” ಎಂದರು ಡಾಕ್ಟರಕ್ಕ.

ಎಕ್ಸ್‌ರೇ ತೆಗೆಸಿದರು. ಎದೆಯೊಳಗೆ ಕೂತ ಕಲ್ಲಿನ ಧೂಳು ಹೊರಗೆ ಬರುವುದಿಲ್ಲ, ಇನ್ನಷ್ಟು ಹೋಗದ ಹಾಗೆ ನೋಡಿಕೊಳ್ಳಬೇಕು ಎಂದರು. ಅಪ್ಪ ಕಟಿಂಗ್ ಬಿಟ್ಟು ಒಂದು ಗೋದಾಮಿನ ಗೇಟು ಕಾಯಲು ಸೇರಿದ. ಓಣಿಗೆ ಮಾತ್ರ, “ಬ್ಯಾಸರಾತು, ಬಿಟ್ಟೆ,” ಅಂದ. ಉಳಿದ ಹತ್ತು ಮಂದಿಯೂ ಒಬ್ಬರಿಗೆ ಗೊತ್ತಾಗದಂತೆ ಒಬ್ಬರು ಹೋಗಿ ಊದಿ ಬಂದರು. ಕಾಕಾ ಮೂರು ಸಲ.

ಓದು ಮುಗಿದು ಡಾಕ್ಟರಕ್ಕ ಹೊರಟ ಬೆಳಿಗ್ಗೆ ಓಣಿಯೆಲ್ಲ ಬಾಗಿಲಲ್ಲಿತ್ತು, ಮುಕಾದಮನೂ ಇದ್ದ. ಅಪ್ಪ ಯಾರ ಮಾತೂ ಕೇಳದೆ ಅವರ ಪೆಟ್ಟಿಗೆಯನ್ನು ಹೆಗಲಿಗೇರಿಸಿ ರಿಕ್ಷಾ ನಿಲ್ಲುವ ತನಕ ಒಯ್ಯುತ್ತೇನೆಂದು ಹೊರಟ. ಮೊದಲ ತಿರುವಿನಲ್ಲಿ ನಿಂತ. ಡಾಕ್ಟರಕ್ಕನೂ ನಿಂತು ಬಗ್ಗಿ ಬೂಟಿನ ದಾರ ಕಟ್ಟಿಕೊಂಡರು. ಹತ್ತು ಮೆಟ್ಟಿಲು ಇಳಿದು ಮತ್ತೆ ನಿಂತ. ಅವರು ಮತ್ತೆ ದಾರ ಕಟ್ಟಿಕೊಂಡರು. ಮೂರನೆಯ ಸಲ ಅಪ್ಪ ಅವರ ಬೂಟನ್ನೇ ನೋಡಿದ. ದಾರ ಬಿಚ್ಚಿಯೇ ಇರಲಿಲ್ಲ.

ಅಪ್ಪ ಪೆಟ್ಟಿಗೆ ಇಳಿಸಿದ.

“ನನ್ನ ಕೈಲೆ ಆಗೂದಿಲ್ಲ,” ಎಂದ, ಇಡೀ ಓಣಿಗೆ ಕೇಳುವಂತೆ. “ದಮ್ಮ ಹತ್ತಾಕತ್ತೈತಿ. ನೀ ತಗೋಳಲೇ.”

ನಾನು ಪೆಟ್ಟಿಗೆ ಹೊತ್ತು ಮುಂದೆ ನಡೆದೆ. ಹಿಂದೆ ಅವರಿಬ್ಬರೂ ಮಾತಾಡುತ್ತ, ಬೇಕಾದಲ್ಲಿ ನಿಲ್ಲುತ್ತ, ನಿಧಾನವಾಗಿ ಇಳಿದು ಬಂದರು.