ಹಿಂದಿನ ಗಾಲಿಯ ಒಳಗಿನ ಅಂಚು

ಮಗಳು ಡೆಂಗಿ ಜ್ವರದಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಸವದತ್ತಿ ಎಲ್ಲಮ್ಮನಿಗೆ ಒಂದು ಮಾತು ಕೊಟ್ಟೆ. ಅವಳು ಎದ್ದರೆ ಅತ್ತೆ, ನಮ್ಮವರು, ಮಗಳು, ನಾನು, ಮನೆಯ ನಾಲ್ಕೂ ಜನ ಒಟ್ಟಿಗೆ ಗುಡ್ಡಕ್ಕೆ ಬಂದು, ಅಲ್ಲೇ ಒಲೆ ಹೂಡಿ ಅಡುಗೆ ಮಾಡಿ, ಬುಟ್ಟಿ ತುಂಬ ನೈವೇದ್ಯ ಒಪ್ಪಿಸುತ್ತೇವೆ ಎಂದೆ. ಒಂದೇ ವಾರದಲ್ಲಿ ಮಗಳು ಎದ್ದು ಕೂತು ಸಾರನ್ನ ಕೇಳಿದಳು. ದೇವಿ ತನ್ನ ಕಡೆಯದನ್ನು ನಡೆಸಿಕೊಟ್ಟಳು. ನಾವು ಮಾತ್ರ ವರ್ಷ ಕಳೆದರೂ ಗುಡ್ಡ ಮುಟ್ಟಲಿಲ್ಲ. ಅಡ್ಡ ಬಂದದ್ದು ನಮ್ಮ ಮನೆಯವರ ಕಾರಿನ ಹಿಂದಿನ ಎರಡು ಟಯರು.

ಹಿಂಜವಾಡಿಯ ಆಫೀಸಿನಲ್ಲಿ ಜೊತೆಗಿದ್ದ ಒಬ್ಬರಿಂದ ಅವರು ಕೊಂಡ ಹಳೆಯ ಸೆಡಾನ್ ಅದು. ಒಂದು ಕಾಲಕ್ಕೆ ವೇಗಕ್ಕೆ ಹೆಸರಾದ ಗಾಡಿಯಂತೆ. ಕೊಂಡವರು ಹಾಗೇ ಓಡಿಸಿದ್ದರೆ ನನ್ನದೇನೂ ತಕರಾರಿರಲಿಲ್ಲ. ಗಿಡ್ಡ ಸ್ಪ್ರಿಂಗ್ ಹಾಕಿಸಿ ನಾಲ್ಕು ಬೆರಳು ಕೆಳಗಿಳಿಸಿದರು, ಅಗಲದ ಗಾಲಿ ಹಾಕಿಸಿದರು. ವಾಕಡದ ನಮ್ಮ ಸೊಸೈಟಿಯ ಗೇಟಿನ ಹಂಪ್ ದಾಟುವಾಗೆಲ್ಲ ಗಾಡಿಯ ಹೊಟ್ಟೆ ಕರ್ರೆಂದು ಉಜ್ಜುತ್ತಿತ್ತು. ಹಿಂದೆ ನಿಂತು ನೋಡಿದರೆ ಎರಡೂ ಗಾಲಿಗಳ ತಲೆ ಒಳಕ್ಕೆ ವಾಲಿ, ಬುಡ ಹೊರಕ್ಕೆ ಚಾಚಿತ್ತು. ಆಗತಾನೇ ಹುಟ್ಟಿದ ಕರು ಎದ್ದು ನಿಲ್ಲಲು ಒದ್ದಾಡುವಂತೆ. ಹಾಗಂದರೆ ನಮ್ಮವರಿಗೆ ಸಿಟ್ಟು.

"ಅದಕ್ಕ ಸ್ಟಾನ್ಸ್ ಅಂತಾರ. ನಿಂಗೇನ್ ತಿಳೀತದ?"

ಮೊದಲ ಸಲ ಹೊರಟಾಗ ಪಾತ್ರೆ, ಹಿಟ್ಟು, ಬೆಲ್ಲ, ಸೌದೆ ಎಲ್ಲ ಡಿಕ್ಕಿಯಲ್ಲಿ ತುಂಬಿದ್ದೆವು. ಸಾತಾರಾದ ಈಚೆಗೇ ಎಡಗಡೆಯ ಹಿಂದಿನ ಟಯರು ಒಡೆಯಿತು. ಟೋಲ್ ನಾಕೆ ಹತ್ತಿರವಾಗಿದ್ದರಿಂದ ಗಾಡಿ ನಿಧಾನದಲ್ಲಿತ್ತು, ಅದೊಂದು ಪುಣ್ಯ. ಘಾಟಿನ ಇಳಿಜಾರಿನಲ್ಲಿ ಆಗಿದ್ದರೆ ನಾವು ಯಾರೂ ಉಳಿಯುತ್ತಿರಲಿಲ್ಲ. ಪಂಕ್ಚರ್ ಅಂಗಡಿಯವನು ಗಾಲಿ ಬಿಚ್ಚಿ ಒಳಗಿನ ಅಂಚನ್ನು ನಮ್ಮ ಕಡೆ ತಿರುಗಿಸಿದ. ಹೊರಗೆ ಹೊಸದರಂತೆ ಗೆರೆ ಗೆರೆ ಇದ್ದ ಟಯರು, ಒಳಗೆ ರಬ್ಬರೆಲ್ಲ ಹೋಗಿ ತಂತಿ ಬಿಟ್ಟುಕೊಂಡಿತ್ತು. ಪ್ರತಿ ಖಂಡೇ ನವಮಿಗೆ ಅದೇ ಟಯರಿಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಕೆಳಗೆ ನಿಂಬೆಹಣ್ಣು ಇಡುತ್ತಿದ್ದವಳು ನಾನು. ಎಲ್ಲವೂ ಹೊರಮೈಗೆ. ಒಂದು ಸಲವೂ ಬಗ್ಗಿ ಒಳಗೆ ನೋಡಿರಲಿಲ್ಲ. ಅಲ್ಲಿಂದಲೇ ವಾಪಸು ಬಂದೆವು.

ಆಮೇಲೆ ಶುರುವಾಯಿತು ಗಾಲಿಯ ವಾಲು ಅಳೆದು ಸರಿಮಾಡಿಸುವ ಅಲೈನ್‌ಮೆಂಟಿನ ತಿರುಗಾಟ. ಒಂದೊಂದು ಅಂಗಡಿಯಲ್ಲೂ ಮುಂದಿನ ಗಾಲಿ ಸರಿಮಾಡಿ ಕಾಗದ ಕೊಡುತ್ತಿದ್ದರು. ಹಿಂದಿನದಕ್ಕೆ ತಿರುಗಿಸಲು ಏನೂ ಇಲ್ಲ ಎನ್ನುತ್ತಿದ್ದರು. ಕೊನೆಗೆ ಆಳಂದ ಕಡೆಯ ಒಬ್ಬ ಮೆಕ್ಯಾನಿಕ್ ಸಿಕ್ಕರು. ಹಿಂದಿನ ಗಾಲಿಯನ್ನು ಹಿಡಿದಿಡುವ ಕಬ್ಬಿಣದ ತೋಳನ್ನು ತೆಗೆದು, ಉದ್ದ ಗಿಡ್ಡ ಮಾಡಲು ಬರುವ ಬೇರೆ ತೋಳು ಹಾಕಿದರು. ಕಂಪ್ಯೂಟರಿನಲ್ಲಿ ಎಲ್ಲ ಅಂಕಿ ಹಸಿರಾಯಿತು, ಅಂದರೆ ಅಳತೆ ಸರಿ. ಹೊಸ ಟಯರು ಬಂತು. ನಾನು ಹೋಗುವ ದಿನ ಗೊತ್ತುಮಾಡಿದೆ.

ಆ ನಡುವೆ ಮದುವೆಗೆಂದು ವಿಜಯಪುರಕ್ಕೆ ಹೋಗಿ, ಎರಡು ಚೀಲ ಜೋಳ ಹೇರಿಕೊಂಡು ಬಂದೆವು. ಬಂದ ಮೇಲೆ ನಾನು ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಟಯರಿನ ಒಳಗಡೆ ಕೈ ಹಾಕಿದೆ. ಒಂದು ಕಡೆಗೆ ಸವರಿದರೆ ನುಣುಪು. ತಿರುಗಿಸಿ ಸವರಿದರೆ ತುರಿಯುವ ಮಣೆಯ ಹಾಗೆ ಬೆರಳಿಗೆ ಹತ್ತಿತು. ಹೊಸ ಟಯರಿನ ಒಳ ಅಂಚನ್ನೂ ರೋಡು ತಿನ್ನಲು ಶುರುಮಾಡಿತ್ತು. ಗುಡ್ಡದ ಪಯಣ ಎರಡನೆಯ ಸಲ ನಿಂತಿತು.

"ದೇವಿಗೆ ಹೋಗೂ ಗಾಡಿ ಬರೇ ಗ್ಯಾರೇಜಿಗೇ ಹೋಗ್ತದ. ಅಲ್ಲೇ ಒಂದ್ ಗುಡಿ ಕಟ್ಟಿಸ್ಬಿಡ್ರಿ," ಎಂದರು ಅತ್ತೆ.

ಬಸ್ಸಿಗೆ ಹೋಗೋಣ ಎಂದೆ. "ಮನ್ಯಾಗ ಗಾಡಿ ಇಟಕೊಂಡು ಬಸ್ಸಿಗೆ ಹೋಗೂದ? ಮಂದಿ ಏನಂದಾರು?" ಎಂದರು ನಮ್ಮವರು. ನಾಲ್ಕೂ ಜನ ಎಂದು ಹೇಳಿಬಿಟ್ಟಿದ್ದೆ, ಅವರನ್ನು ಬಿಟ್ಟು ಹೋಗುವಂತಿರಲಿಲ್ಲ. ದಿನಾ ಸಂಜೆ ದೀಪ ಹಚ್ಚುವಾಗ ದೇವಿಯ ಫೋಟೋದ ಕಡೆ ಮುಖ ಎತ್ತಿ ನೋಡಲು ನಾಚಿಕೆಯಾಗುತ್ತಿತ್ತು.

ಮತ್ತೆ ಅಲೈನ್‌ಮೆಂಟಿಗೆ ಹೊರಟ ಭಾನುವಾರ, ನಾನೂ ಬರುತ್ತೇನೆ ಎಂದೆ. ಕೆಳಗಿಳಿದು ಬಂದರೆ ನಮ್ಮವರು ಗಾಡಿಯಿಂದ ಒಂದೊಂದೇ ಸಾಮಾನು ಹೊರಗೆ ಇಡುತ್ತಿದ್ದರು. ಸ್ಟೆಪ್ನಿ, ಜ್ಯಾಕ್, ಮಗಳ ಕೊಡೆ, ಕಾಲೊರೆಸು ಕೂಡ. ಆಮೇಲೆ ತೊಳೆದು ಒರೆಸಿ ಹೊಳೆಯುವಂತೆ ಮಾಡಿದರು.

"ಎಲ್ಲಿಗ್ರಿ, ಹೆಣ್ಣು ನೋಡಾಕ ಹೊಂಟೀರೇನು?"

"ಮತ್ತ? ಕಸ ತುಂಬ್ಕೊಂಡು ಮಷೀನ್ ಮ್ಯಾಲ ಹತ್ತಸ್ಲೇನು? ಪ್ರತಿ ಸಲಾ ಹಿಂಗ ಒಯ್ತೀನಿ ನಾ."

ಪ್ರತಿ ಸಲ. ಆ ಮಾತು ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಕೊರೆಯಿತು. ಆಳಂದದವರ ಅಂಗಡಿಯಲ್ಲಿ ಗಾಲಿಗಳಿಗೆ ಕನ್ನಡಿಯಂಥ ತಟ್ಟೆ ಸಿಕ್ಕಿಸಿದರು. ಹಿಂದಿನ ಗಾಲಿಯ ಅಂಕಿಗಳು ಆಗಲೂ ಹಸಿರೇ. ನಮ್ಮವರು ನನ್ನ ಕಡೆ ನೋಡಿ, ನೋಡಿದೆಯಾ ಎನ್ನುವಂತೆ ಹುಬ್ಬು ಹಾರಿಸಿದರು.

"ಅಣ್ಣಾರ," ಎಂದೆ ಮೆಕ್ಯಾನಿಕ್‌ಗೆ, "ನಾವು ಇಷ್ಟು ಖಾಲಿ ಗಾಡ್ಯಾಗ ಎಂದೂ ಹೋಗೂದಿಲ್ಲ. ನಾಕ್ ಮಂದಿ ಕೂಡ್ತೀವಿ, ಡಿಕ್ಕಿ ತುಂಬ ಸಾಮಾನ ಇರ್ತದ. ಹೊಟ್ಟಿ ಒಳಗ ಎಳಕೊಂಡು ಕುಪ್ಪಸದ ಅಳತಿ ಕೊಟ್ರ ಅದು ಉಂಡ ಮ್ಯಾಲ ಬರ್ತದೇನ್ರಿ?"

ಅವರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಗಾಡಿಯನ್ನೇ ನೋಡುತ್ತ ನಿಂತರು. ಹಳೆಯ ಟಯರು, ಬ್ಯಾಟರಿ, ಪೆಟ್ಟಿಗೆ, ಕೈಗೆ ಸಿಕ್ಕಿದ್ದನ್ನೆಲ್ಲ ಡಿಕ್ಕಿಗೆ ತುಂಬಿದರು. "ಕೂಡ್ರಿ ಅಕ್ಕಾರ," ಎಂದು ನನ್ನನ್ನು ಹಿಂದೆ ಕೂರಿಸಿ, ನಮ್ಮವರನ್ನು ಮುಂದೆ ಕೂರಿಸಿದರು. ಗಾಡಿ ಹಿಂದಕ್ಕೆ ಕುಸಿಯಿತು. ಕಿಟಕಿಯಿಂದ ನನಗೆ ಪರದೆ ಕಾಣುತ್ತಿತ್ತು. ಹಿಂದಿನ ಗಾಲಿಯ ಅಂಕಿಗಳು ಒಂದೊಂದಾಗಿ ಕೆಂಪಾದವು.

"ಸಾಹೇಬ್ರ, ಅಕ್ಕಾರ್ ಹೇಳಿದ್ದ ಖರೇ. ತೂಕಾ ಬಿದ್ದ ಕೂಡ್ಲೆ ಗಾಲಿ ಇನ್ನಷ್ಟು ವಾಲ್ತದ, ಮೂತೀನೂ ತಿರಗ್ತದ. ಒಳಗಿನ ಅಂಚು ರೋಡಿಗೆ ಉಜ್ಜೇ ಉಜ್ಜತದ. ಇಷ್ಟು ಕೆಳಗ ಇದ್ರ ಈ ತೋಳಿನ್ಯಾಗ ತಿರಗಸ್ಲಿಕ್ಕೆ ಜಾಗಾನೇ ಉಳದಿಲ್ಲ."

"ಬ್ಯಾರೆ ಉಪಾಯ?" ನಮ್ಮವರ ದನಿ ಸಣ್ಣಗಾಗಿತ್ತು.

"ಮನಿ ಮಂದೀನ ಇಳಸ್ರಿ, ಇಲ್ಲಾ ಗಾಡಿ ಎತ್ತರ್ಸ್ರಿ. ಹಳೇ ಸ್ಪ್ರಿಂಗ್ ಅದಾವಲ್ಲ?"

ಇದ್ದವು. ಅಟ್ಟದ ಮೇಲೆ ನನ್ನ ಹಪ್ಪಳದ ಡಬ್ಬಿಗಳ ಜಾಗ ಹಿಡಿದುಕೊಂಡು ಕೂತಿದ್ದವು. ನಮ್ಮವರು ಗಾಡಿ ಇಳಿದು, ಅದರ ಬೆನ್ನ ಮೇಲೆ ಕೈ ಇಟ್ಟು, "ವಿಚಾರ ಮಾಡ್ತೀನಿ," ಎಂದರು.

ನಾನು ಹೊರಗಿನವರ ಎದುರು ಅವರಿಗೆ ಎದುರು ಮಾತಾಡಿದವಳಲ್ಲ. ಅವತ್ತು ತಡೆಯಲಾಗಲಿಲ್ಲ.

"ಮಗಳು ಐಸಿಯುದಾಗ ಇದ್ದಾಗ ದೇವಿ ವಿಚಾರ ಮಾಡ್ತೀನಿ ಅಂದಿದ್ಲೇನ್ರಿ?"

ಮೆಕ್ಯಾನಿಕ್ ಬೋಲ್ಟು ತಿರುಗಿಸುವ ಪಾನಾ ಹುಡುಕುವ ನೆವದಲ್ಲಿ ಆ ಕಡೆ ಹೋದರು. ನಮ್ಮವರು ಕಿಸೆಯಿಂದ ಕೀಲಿ ತೆಗೆದು ಅಲ್ಲಿದ್ದ ಮೇಜಿನ ಮೇಲಿಟ್ಟರು.

ಅಟ್ಟದಿಂದ ತಂದುಕೊಟ್ಟ ಹಳೆಯ ಸ್ಪ್ರಿಂಗ್ ಹಾಕಿ, ಹಿಂದಿನ ಟಯರು ಬದಲಿಸಿ, ಮೆಕ್ಯಾನಿಕ್ ತೂಕ ಇಟ್ಟೇ ಅಳತೆ ಮಾಡಿ ಕೊಟ್ಟರು. ಜಾವಳ ತೆಗೆಸಿ ಬೋಳುತಲೆಯಾದ ಮಗುವನ್ನು ನೋಡುವ ಹಾಗೆ ನಮ್ಮವರು ಎರಡು ದಿನ ಗಾಡಿ ನೋಡಿದರು. ಮೂರನೆಯ ದಿನ ನಸುಕಿನಲ್ಲಿ ಹೊರಟೆವು.

ಗುಡ್ಡದ ಮೇಲೆ ಗಾಡಿ ನಿಂತದ್ದೇ ನಾನು ಇಳಿದು ಹಿಂದಿನ ಟಯರಿನ ಒಳಗೆ ಕೈ ಹಾಕಿದೆ. ಆ ಕಡೆ ಸವರಿದರೂ ನುಣುಪು, ಈ ಕಡೆ ಸವರಿದರೂ ನುಣುಪು.

"ಏ, ಮೊದ್ಲ ತಾಯಿಗೆ ಕೈ ಮುಗಿ. ಟಯರಿಗಲ್ಲ," ಎಂದು ಅತ್ತೆ ಗದರಿದರು.

ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿನ ಕಪ್ಪು ಹೋಗಲಿಲ್ಲ. ಅದೇ ಕೈಯಲ್ಲಿ ಕಡುಬು ಮಾಡಿದೆ, ಅದೇ ಕೈಯಲ್ಲಿ ಬುಟ್ಟಿ ತುಂಬಿದೆ. ಗರ್ಭಗುಡಿಯ ಮುಂದೆ ಮಗಳು ನನ್ನ ಸೆರಗು ಹಿಡಿದಿದ್ದಳು, ನಮ್ಮವರು ಕಣ್ಣು ಮುಚ್ಚಿ ನಿಂತಿದ್ದರು. ಒಂದು ವರ್ಷದಿಂದ ದೇವಿಗೆ ಹೇಳಬೇಕೆಂದು ಕಟ್ಟಿಟ್ಟುಕೊಂಡ ಮಾತು ಎಷ್ಟೋ ಇದ್ದವು. ಅಲ್ಲಿ ನಿಂತಾಗ ಬಾಯಿಗೆ ಬಂದದ್ದು ದೂರೇ. ಇವರು ಕೇಳಲಿಲ್ಲ ತಾಯಿ, ಅದಕ್ಕೇ ತಡವಾಯಿತು, ಎಂದೆ. ಹಿಂದಿನವರು ನೂಕಿದರು. ಬುಟ್ಟಿ ಒಪ್ಪಿಸಿ, ಮಗಳ ಹಣೆಗೆ ಭಂಡಾರ ಹಚ್ಚಿ ಹೊರಗೆ ಬಂದೆ. ಕೊಟ್ಟ ಮಾತು ತೀರಿತ್ತು. ನಮ್ಮವರ ಮೇಲಿನ ಸಿಟ್ಟು ಮಾತ್ರ ಇನ್ನೂ ಇತ್ತು.